ಸಂಗವ್ವತ್ತಿಯ ಕುರ್ರ್

ಇಳಕಲ್ಲಿನ ನೇಕಾರರ ಓಣಿಯ ಆ ಮನೆಯ ಹಿತ್ತಲಿನಿಂದ ದಿನಾ ಮುಂಜಾನೆ ಒಂದು ಸದ್ದು ಏಳುತ್ತಿತ್ತು. ಗೊತ್ತಿಲ್ಲದವರು ಕೇಳಿದರೆ ಹಳೆಯ ಮೋಟಾರ್ ಸೈಕಲ್ಲೊಂದು ಚಾಲೂ ಆಗಲೊಲ್ಲದೆ ಗುರುಗುಡುತ್ತಿದೆ ಅಂದುಕೊಳ್ಳಬೇಕು. ನೋಡಿದರೆ ಸ್ನಾನ, ಲಿಂಗಪೂಜೆ ಮುಗಿಸಿ ಹಣೆಗೆ, ತೋಳಿಗೆ, ಕೊರಳಿಗೆ ವಿಭೂತಿ ಹಚ್ಚಿಕೊಂಡ ಎತ್ತರದ ಹೆಂಗಸೊಬ್ಬಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಮುಖ ಮೇಲೆತ್ತಿ, ಆಕಾಶಕ್ಕೆ "ಕುರ್ರ್ರ್" ಅನ್ನುತ್ತಿದ್ದಳು. ಒಂದೇ ಸಲ. ಆಮೇಲೆ ಎರಡು ಬೆರಳಿನಿಂದ ಕೊರಳಿನ ಎಡಭಾಗವನ್ನು ಒತ್ತಿ ನೋಡಿಕೊಂಡು, ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದಲು ಕೂರುತ್ತಿದ್ದಳು.

ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಅವಳ ಗಂಡ, ನಮ್ಮ ಮಾಮಾ, ಅಲ್ಲಿಂದಲೇ ಕೇಳುತ್ತಿದ್ದರು: "ಇವತ್ತ ಯಾರ ಹೆಸರು ಇಟ್ಟಿ?"

"ನಂದಽ," ಅನ್ನುತ್ತಿದ್ದಳು ಅವಳು.

ಅವಳು ಸಂಗವ್ವ, ನಮ್ಮಪ್ಪನ ಒಬ್ಬಳೇ ತಂಗಿ. ಹುನಗುಂದದ ನಮ್ಮ ಮನೆಯ ಮಕ್ಕಳಿಗೆಲ್ಲ ಸಂಗವ್ವತ್ತಿ. ಈ ಕುರ್ರ್ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಅಪ್ಪನ ಅಕ್ಕತಂಗಿಯರದು. ಕೂಸನ್ನು ತೊಟ್ಟಿಲಿಗೆ ಹಾಕಿ, ಹೆಂಗಸರು ಪದ ಹಾಡಿ ಮುಗಿಸಿದ ಮೇಲೆ, ಅತ್ತಿಯಾದವಳು ತೊಟ್ಟಿಲೊಳಗೆ ಬಗ್ಗಿ ಕೂಸಿನ ಕಿವಿಯಲ್ಲಿ ಮೊದಲು "ಕುರ್ರ್" ಅಂದು ಆಮೇಲೆ ಹೆಸರು ಹೇಳಬೇಕು. ಹೇಳಿದ್ದೇ ತಡ, ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದಬೇಕು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ನಗುತ್ತಾರೆ, ಇನ್ನೊಂದು ಗುದ್ದುತ್ತಾರೆ.

ಉಳಿದ ಅತ್ತಿಯಂದಿರ ಕುರ್ರ್ ಕೂಸಿಗೆ ಮಾತ್ರ ಕೇಳಿಸುತ್ತದೆ. ಸಂಗವ್ವತ್ತಿಯದು ತೊಟ್ಟಿಲಿನಿಂದೆದ್ದು ಅಂಗಳ ದಾಟಿ ಊಟಕ್ಕೆ ಕೂತ ಗಂಡಸರ ಸಾಲಿನವರೆಗೂ ಹೋಗುತ್ತಿತ್ತು. ಅದು ಕೇಳಿದ ಮೇಲೆಯೇ ಎಲೆಗೆ ಹೋಳಿಗೆ ಬಡಿಸುತ್ತಿದ್ದರು. ಗುದ್ದು ಬೀಳುವಾಗ ಅವಳು ಬೆನ್ನು ಕೊಟ್ಟು ನಿಂತು, "ಅಷ್ಟಽ ಏನು? ಗುಗ್ಗರಿ ತಿಂದಿಲ್ಲೇನ್ರೇ? ಇನ್ನೊಂದು ಬೀಳ್ಲಿ!" ಅಂತ ಒದರುತ್ತಿದ್ದಳು. ನನ್ನ ತಮ್ಮ ಬಸುವಿಗೆ ಹೆಸರಿಟ್ಟಾಗ ನಾನು ಸಣ್ಣವಳು. ನಮ್ಮ ಅತ್ತಿಯನ್ನು ಇಷ್ಟೊಂದು ಮಂದಿ ಸೇರಿ ಹೊಡೆಯುತ್ತಿದ್ದಾರಲ್ಲ ಅಂತ ಅಳುತ್ತಾ ಓಡಿಹೋಗಿ ಒಬ್ಬಳ ಸೀರೆ ಹಿಡಿದು ಕಚ್ಚಿಯೇಬಿಟ್ಟಿದ್ದೆ. ಅತ್ತಿ ನನ್ನನ್ನು ಎತ್ತಿಕೊಂಡು, "ಬಿಡ ಹುಚ್ಚಿ, ನಿಂದು ಹೆಸರಿಡೂವಾಗ ಇದಕ್ಕಿಂತ ಜೋರ ಗುದ್ಯಾರ. ಅದಕಽ ನೀ ಇಷ್ಟ ಗಟ್ಟಿ ಅದಿ," ಅಂದಳು.

ಅಷ್ಟು ದೊಡ್ಡ ದನಿ ಎಲ್ಲಿಂದ ಬಂತು ಅಂದರೆ ಮಗ್ಗದಿಂದ. ಅವಳು ಮದುವೆಯಾಗಿ ಹೋದ ಇಳಕಲ್ಲಿನ ಮನೆಯಲ್ಲಿ ಮುಂದಿನ ಪಡಸಾಲೆಯ ತುಂಬ ಮಗ್ಗಗಳಿದ್ದವು. ಬೆಳಗಾದರೆ ಖಟಾಖಟ್ ಶುರು. ಅಡುಗೆಮನೆಯಿಂದ ಕರೆದರೆ ಮುಂಬಾಗಿಲಿಗೆ ಕೇಳಿಸಬೇಕಾದರೆ ಆ ಸಪ್ಪಳದ ಮೇಲೆ ಏರಿಯೇ ಮಾತಾಡಬೇಕು. "ಮಗ್ಗದ ಮನ್ಯಾಗ ಮೆಲ್ಲಕ ಮಾತಾಡಿದ್ರ ರೊಟ್ಟಿ ಹಂಚಿನ ಮ್ಯಾಲ ಸೀದು ಹೋಗ್ತಾವು," ಅನ್ನುತ್ತಿದ್ದಳು. ಮಗ್ಗಗಳು ಹೋಗಿ ಆ ಜಾಗದಲ್ಲಿ ಮಾಮಾ ಸೀರೆ ಅಂಗಡಿ ಇಟ್ಟ ಮೇಲೂ ದನಿ ಇಳಿಯಲಿಲ್ಲ. ಅಕ್ಕತಂಗಿಯರಿಲ್ಲದ ಮನೆಗಳವರು ಹೆಸರಿಡಲು ಇವಳನ್ನೇ ಕರೆಯುತ್ತಿದ್ದರು. ಮಾಮಾ ಅವಳಿಗೆ ಬಾಡಿಗಿ ಅತ್ತಿ ಅಂತ ಹೆಸರಿಟ್ಟಿದ್ದರು. ಇಳಕಲ್ಲಿನ ಅರ್ಧ ಓಣಿ ಅವಳ ಕುರ್ರ್ ಕೇಳಿಯೇ ತನ್ನ ಹೆಸರು ತಿಳಿದುಕೊಂಡಿದೆ.

ಆ ದನಿಯ ಪಕ್ಕದಲ್ಲೇ ಒಂದು ಗಂಟು ಬೆಳೆಯಿತು.

ನಾನಾಗ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದೆ. ಅತ್ತಿಯ ಕೊರಳಿನ ಬಲಕ್ಕೆ ಅಡಿಕೆ ಗಾತ್ರದ ಗಂಟು. ಉಗುಳು ನುಂಗಿದರೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ಬಾಗಲಕೋಟೆಯ ದವಾಖಾನೆಯ ವಯಸ್ಸಾದ ಡಾಕ್ಟರು ಸಮಾಧಾನದ ಮನುಷ್ಯ. ಥೈರಾಯ್ಡ್ ಅನ್ನೋದು ಗಾಳಿ ಕೊಳವೆಯ ಎರಡೂ ಕಡೆ ರೆಕ್ಕೆ ಹರಡಿಕೊಂಡು ಕೂತಿರುತ್ತದೆ, ಗಂಟು ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ, ಬಲಗಡೆಯ ಅರ್ಧ ತೆಗೆದುಬಿಡೋಣ ಅಂದರು. ಹಿಂದೆಯೇ ದನಿಗೆ ಹೋಗುವ ನರ ಇದೆ, ಜೋಪಾನವಾಗಿ ಮಾಡುತ್ತೇವೆ ಅಂತಲೂ ಅಂದರು. ಅತ್ತಿಗೆ ಕೇಳಿಸಿದ್ದು ಆ ಕೊನೆಯ ಮಾತು ಒಂದೇ.

ಆಪರೇಷನ್ನಿನ ದಿನ ನರ್ಸು ಬಂದು ಮೈಮೇಲಿನದೆಲ್ಲ ತೆಗೆಯಬೇಕು ಅಂದಳು. ಅತ್ತಿ ತಾಳಿ, ಬಳೆ, ಬೆಂಡೋಲೆ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಉಳಿಯಿತು. ಅದರ ಮೇಲೆ ಕೈಯಿಟ್ಟುಕೊಂಡು, "ಇದು ಬರಾಂಗಿಲ್ಲವ್ವ," ಅಂದಳು.

"ಅಮ್ಮಾ, ಆಪರೇಷನ್ ಆಗೂದಽ ಕೊರಳಿಗೆ," ಅಂದಳು ನರ್ಸು.

"ಕೊರಳು ನಿಮಗ ಬಿಟ್ಟು ಕೊಡ್ತೇನಿ. ಲಿಂಗ ಮಾತ್ರ ನನ್ನ ಮೈ ಬಿಟ್ಟು ಹೋಗಾಂಗಿಲ್ಲ."

ಕಡೆಗೆ ಡಾಕ್ಟರೇ ಬಂದರು. ನಕ್ಕು, ತೋಳಿಗೆ ಕಟ್ಟಿ ಅಂದರು. ಮಾಮಾ ಕರಡಿಗೆಯನ್ನು ಅವಳ ತೋಳಿಗೆ ಸುತ್ತಿ ಕಟ್ಟಿದರು, ನರ್ಸು ಮೇಲೊಂದು ಬ್ಯಾಂಡೇಜು ಸುತ್ತಿದಳು. ಅತ್ತಿ ಗೆದ್ದವಳ ಹಾಗೆ ಒಳಗೆ ಹೋದಳು.

ಎಚ್ಚರವಾದಾಗ ಡಾಕ್ಟರು ಬಗ್ಗಿ, "ಸಂಗವ್ವಾರ, ಏನರೆ ಒಂದು ಮಾತಾಡ್ರಿ ನೋಡೂಣು," ಅಂದರು. ನೀರು ಅನ್ನಬಹುದಿತ್ತು, ಶಿವಾ ಅನ್ನಬಹುದಿತ್ತು. ಅವಳು ಕುರ್ರ್ ಅನ್ನಲು ಹೋದಳು. ಹೊರಗೆ ಬಂದದ್ದು ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಗಾಳಿ. ನಮ್ಮ ಸಂಗವ್ವತ್ತಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಸದ್ದಿಲ್ಲದೆ.

ನರ ನೊಂದಿದೆ, ತಾನಾಗಿ ಸರಿಹೋಗುತ್ತದೆ, ಕೆಲವು ತಿಂಗಳು ತಡೆಯಿರಿ ಅಂದರು ಡಾಕ್ಟರು. ಉಳಿದ ಎಡಗಡೆಯ ಅರ್ಧದಲ್ಲಿ ಮುಂದೆ ಎಂದಾದರೂ ಗಂಟು ಬರಬಹುದು, ಬರದೆಯೂ ಇರಬಹುದು, ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಿ ಅಂತಲೂ ಹೇಳಿದರು. ಆ ಮಾತು ಅವಳೊಳಗೆ ಹೋಗಿ ಕೂತುಬಿಟ್ಟಿತು.

ಆ ತಿಂಗಳುಗಳಲ್ಲಿ ಓಣಿ ಓಣಿಯಾಗಿರಲಿಲ್ಲ. ಅತ್ತಿ ಪಿಸುಗುಡುತ್ತಿದ್ದಳು. ಹೆಸರಿಡಲು ಕರೆದರೆ, ಗಾಳಿ ಊದಿ ಹೆಸರಿಟ್ಟರೆ ಕೂಸು ಹಾರಿಹೋದೀತು ಅಂತ ಪಿಸುಗುಟ್ಟಿಯೇ ಒಲ್ಲೆನೆನ್ನುತ್ತಿದ್ದಳು. ಹೀಗಿರುವಾಗ ಒಂದು ದಿನ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದಾಗ ಪಕ್ಕದ ಮನೆಯ ಆಡು ಹತ್ತಿ ಬಂದು ಬಾಯಿ ಹಾಕಿತು. "ಹೈ! ನಿನ ಬಾಯಾಗ ಮಣ್ಣ ಹಾಕ!" ಅಂತ ಒದರಿದಳು. ಓಣಿಗೆಲ್ಲ ಕೇಳಿಸಿತು. ಆಡು ಅಲ್ಲೇ ನಿಂತಿತು, ಅವಳೂ ನಿಂತಳು. ಆಮೇಲೆ ಸಂಡಿಗೆ ಬಿಟ್ಟು, ಮುಖ ಮೇಲೆತ್ತಿ, ಕುರ್ರ್ ಅಂದಳು. ಸ್ವಲ್ಪ ಒಡೆದ ದನಿ, ಆದರೂ ಬಂತು. ಕೆಳಗೆ ಅಂಗಡಿಯಲ್ಲಿ ಗಿರಾಕಿಯ ಮುಂದೆ ಸೀರೆ ಬಿಚ್ಚುತ್ತಿದ್ದ ಮಾಮಾ ಸೀರೆ ಕೈಬಿಟ್ಟು ಮಾಳಿಗೆಗೆ ಓಡಿದರಂತೆ. ಅಂದಿನಿಂದ ಶುರುವಾದದ್ದು ಆ ಮುಂಜಾನೆಯ ಪರೀಕ್ಷೆ.

ಒಮ್ಮೆ ನನ್ನೆದುರು ಬಿಚ್ಚಿ ಹೇಳಿದಳು: "ನನಗ ಸಾಯೂ ಅಂಜಿಕಿ ಇಲ್ಲ ತಂಗಿ. ಉಳದ ಅರ್ಧಕ್ಕೂ ಗಂಟು ಬಂದ್ರ ಮತ್ತ ಕೊಯ್ತಾರ. ಮತ್ತ ಕೊಯ್ದ್ರ ಈ ದನಿ ಉಳಿತೈತೋ ಇಲ್ಲೋ. ನಮ್ಮ ಬಸೂನ ಕೂಸಿಗೆ ಕುರ್ರ್ ಅನ್ನೂ ಮಟಾ ಇದು ಸುಮ್ನ ಇದ್ರ ಸಾಕು."

ಬಸುವಿಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಆದರೆ ನಮ್ಮಪ್ಪನಿಗೆ ಒಬ್ಬನೇ ಮಗ, ಅವಳಿಗೆ ಮಕ್ಕಳಿಲ್ಲ. ಬಸು ಅವಳ ಕಣ್ಣು.

ವರ್ಷಕ್ಕೊಮ್ಮೆ ಅತ್ತಿ ಮತ್ತು ಮಾಮಾ ಬಾಗಲಕೋಟೆಗೆ ಬರುತ್ತಿದ್ದರು. ಹೋಗುವಾಗ ಬಸ್ಸಿನಲ್ಲಿ ಒಂದು ಮಾತಿಲ್ಲ, ಒಂದು ತುತ್ತಿಲ್ಲ. ಸ್ಕ್ಯಾನಿಂಗಿನಲ್ಲಿ ಏನಿಲ್ಲ ಅಂತ ತಿಳಿದ ಮೇಲೆ ವಾಪಸ್ ಹೋಗುವಾಗ ಅಮೀನಗಡದಲ್ಲಿ ಇಳಿದು ಕರದಂಟು ತೆಗೆದುಕೊಳ್ಳುತ್ತಿದ್ದಳು. ಹುನಗುಂದದಲ್ಲಿ ನಮ್ಮ ಮನೆಗೆ ಒಂದು ಪೊಟ್ಟಣ, ಇಳಕಲ್ಲಿನ ಓಣಿಗೆ ಉಳಿದದ್ದು. ಕರದಂಟು ಬಂತೆಂದರೆ ಅತ್ತಿಯ ಕೊರಳು ಸ್ವಚ್ಛ ಇದೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ತನ್ನ ಕೊರಳಷ್ಟೇ ಆಗಿದ್ದರೆ ನಡೆದೀತು. ಅವಳು ಊರವರ ಕೊರಳು ನೋಡಲು ಶುರುಮಾಡಿದಳು. ಮನೆಗೆ ಯಾರೇ ಬರಲಿ, ಕೈಗೆ ನೀರಿನ ತಂಬಿಗೆ ಕೊಟ್ಟು ಎದುರಿಗೆ ಕೂತು ಗಂಟಲನ್ನೇ ನೋಡುತ್ತಿದ್ದಳು. ನಮ್ಮ ಕಡೆ ತಂಬಿಗೆ ಬಾಯಿಗೆ ತಾಗಿಸದೆ ಎತ್ತಿ ಕುಡಿಯುತ್ತೇವಲ್ಲ, ಕೊರಳು ತಾನಾಗಿಯೇ ಬೆಳಕಿಗೆ ಬರುತ್ತದೆ. ಕರೆಂಟಿನ ಬಿಲ್ಲು ಕೊಡಲು ಬಂದವನನ್ನೂ ಬಿಟ್ಟವಳಲ್ಲ.

ಬಸುವಿಗೆ ಹೆಣ್ಣು ನೋಡಲು ಕುಳಗೇರಿ ಕ್ರಾಸಿನ ಹತ್ತಿರದ ಊರಿಗೆ ಹೋಗಿದ್ದೆವು. ಹುಡುಗಿ ವಿದ್ಯಾ ನೀರು ತಂದುಕೊಟ್ಟಳು. ಅತ್ತಿ ಆ ತಂಬಿಗೆಯನ್ನು ಅವಳಿಗೇ ವಾಪಸ್ ಕೊಟ್ಟು, "ನೀ ಕುಡಿಯವ್ವ," ಅಂದಳು. ಪಾಪದ ಹುಡುಗಿ ಗಟಗಟ ಕುಡಿದಳು. "ಕೊರಳು ಛಲೋ ಐತಿ. ನಮಗ ಒಪ್ಪಿಗಿ," ಅಂದುಬಿಟ್ಟಳು ಅತ್ತಿ. ಮಜಾ ಏನಾಯಿತೆಂದರೆ, ಹುಡುಗಿಯ ತಾಯಿ ಇದು ನಮ್ಮ ಮನೆತನದ ಪದ್ಧತಿ ಇರಬೇಕೆಂದು ತಿಳಿದು, ಒಳಗಿನಿಂದ ಇನ್ನೊಂದು ತಂಬಿಗೆ ತಂದು ಬಸುವಿನ ಕೈಗಿಟ್ಟಳು. ಅವನು ಕುಡಿಯುವುದನ್ನು ಅವರ ಮನೆಯವರೆಲ್ಲ ಗಂಭೀರವಾಗಿ ಕೂತು ನೋಡಿದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಹೋದೆ.

ಮದುವೆಯಾಯಿತು. ಕೂಸು ಮಾತ್ರ ಬೇಗ ಬರಲಿಲ್ಲ. ಅತ್ತಿ ಒಂದು ಮಾತೂ ಕೇಳಲಿಲ್ಲ, ವಿದ್ಯಾಳಿಗೆ ನೋವಾದೀತೆಂದು. ಮುಂಜಾನೆಯ ಕುರ್ರ್ ಮಾತ್ರ ನಿಲ್ಲಿಸಲಿಲ್ಲ.

ಆ ದಿನಗಳಲ್ಲೇ ಗಂಟಿನ ಪ್ರಸಂಗ ನಡೆದದ್ದು. ಲಿಂಗದ ಕರಡಿಗೆ ಕಟ್ಟುವ ದಾರಕ್ಕೆ ನಾವು ಶಿವದಾರ ಅನ್ನುತ್ತೇವೆ. ಅದು ಹರಿದು ಲಿಂಗ ನೆಲಕ್ಕೆ ಬಿದ್ದರೆ ದೊಡ್ಡ ತಪ್ಪು. ಅತ್ತಿಯ ಶಿವದಾರ ಸವೆದಿದೆಯೆಂದು ಮಾಮಾ ಹೊಸದು ಮಾಡಿಕೊಟ್ಟರು. ಅವರು ಹುಟ್ಟಿ ಬೆಳೆದದ್ದೇ ಎಳೆಗಳ ನಡುವೆ. ಎಳೆಗೆ ಎಳೆ ಸೇರಿಸಿ, ಗಂಟಿನ ಮೇಲೆ ಗಂಟು ಹಾಕಿ, "ಇನ್ನ ಆನಿ ಜಗ್ಗಿದ್ರೂ ಹರಿಯಾಂಗಿಲ್ಲ," ಅಂದರು.

ಕೆಲವು ದಿನಗಳಾದ ಮೇಲೆ ಮುಂಜಾನೆ ಅತ್ತಿಯ ಬೆರಳಿಗೆ ಕೊರಳಿನ ಎಡಭಾಗದಲ್ಲಿ ಕಡಲೆಕಾಳಿನಷ್ಟು ಏನೋ ಸಿಕ್ಕಿತು. ಮರುದಿನವೂ ಇತ್ತು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಮುಖ ಸಣ್ಣದು ಮಾಡಿಕೊಂಡು ಓಣಿಯಲ್ಲಿ ಹೆಸರಿಡುವುದು ಬಾಕಿ ಇದ್ದ ಮನೆಗಳಿಗೆಲ್ಲ ಹೋಗಿ, "ಜಲ್ದಿ ಇಟ್ಟು ಮುಗಸ್ರಿ," ಅಂತ ಗಂಟು ಬಿದ್ದಳು. ಇನ್ನೂ ಹೆರದಿದ್ದ ಎದುರುಮನೆಯ ಸೊಸೆಯನ್ನು ಕಟ್ಟೆಯ ಮೇಲೆ ಕೂರಿಸಿ, ಅವಳ ಹೊಟ್ಟೆಯ ಹತ್ತಿರ ಬಾಯಿಟ್ಟು ಕುರ್ರ್ ಅಂದಳಂತೆ. "ಹೆಸರು ಆಮ್ಯಾಲೆ ನೀವಽ ಇಡ್ರಿ. ಕುರ್ರ್ ಮಾತ್ರ ಈಗಽ ಇಸಗೋರಿ," ಅಂದಳಂತೆ. ಹೊಟ್ಟೆಯೊಳಗಿನ ಕೂಸು ಒದ್ದಿತಂತೆ, ಸೊಸೆ ಹೆದರಿ ಕಿರುಚಿದಳಂತೆ. ಆಮೇಲೆ ಅತ್ತಿ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗು ಹಾಕಿ, ಸಂಗಮನಾಥನ ಮುಂದೆ ಕೂತು ಅತ್ತು, ಬಾಗಲಕೋಟೆಗೆ ಬಂದಳು. ನನ್ನನ್ನೂ ಬಾದಾಮಿಯಿಂದ ಕರೆಸಿಕೊಂಡಳು. ನಾನಾಗ ಬಾದಾಮಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದ್ದೆ, ಮದುವೆಯೂ ಆಗಿತ್ತು.

ಅದೇ ಹಳೆಯ ಡಾಕ್ಟರು. ಅತ್ತಿಯ ಕೊರಳು ತಿರುಗಿಸಿ ನೋಡಿದರು. "ಯಾವ ಮಗ್ಗಲಾ ಮಲಗ್ತೀರಿ?" ಅಂದರು.

"ಎಡಮಗ್ಗಲಾ," ಅಂದಳು ಅತ್ತಿ.

ಅವರು ಶಿವದಾರವನ್ನು ಮೆಲ್ಲಗೆ ಜಗ್ಗಿ, ಅದರ ಗಂಟನ್ನು ತಂದು ಆ ಉಬ್ಬಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು. ದಿನಾ ಮಲಗಿದಾಗ ಆ ಗಂಟು ಒತ್ತಿ ಒತ್ತಿ ಚರ್ಮ ಬಾತಿತ್ತು, ಅಷ್ಟೇ. "ಇಂಥಾ ಗಂಟು ಹಾಕಿದವರು ಯಾರು?" ಅಂತ ಡಾಕ್ಟರು ಕೇಳಿದರು. ಮಾಮಾ ಮೇಲಿನ ಫ್ಯಾನು ನೋಡುತ್ತಾ ನಿಂತಿದ್ದರು.

ವಾಪಸ್ ಹೋಗುವಾಗ ಅಮೀನಗಡದವರೆಗೂ ಅತ್ತಿ ಗಂಡನ ಕೂಡ ಮಾತಾಡಲಿಲ್ಲವಂತೆ. ಅಲ್ಲಿ ಇಳಿದು ಕರದಂಟು ಕೊಂಡು, ಮೊದಲ ತುಂಡು ಅವರ ಬಾಯಿಗೇ ಇಟ್ಟಳಂತೆ. ಇದನ್ನು ಮಾಮಾ ಎಷ್ಟು ಸಲ ಹೇಳಿದ್ದಾರೋ, ಪ್ರತಿಸಲ ಕಣ್ಣು ಒರೆಸಿಕೊಳ್ಳುತ್ತಾರೆ.

ಇಷ್ಟೆಲ್ಲ ನಕ್ಕ ನನ್ನ ಕೊರಳನ್ನೂ ಹಿಡಿದುಕೊಟ್ಟವಳು ಅವಳೇ. ಒಂದು ಬೇಸಿಗೆಯಲ್ಲಿ ಬಾದಾಮಿಗೆ ನಮ್ಮ ಮನೆಗೆ ಬಂದಿದ್ದಳು. ನಾನು ಶಾಲೆಯಿಂದ ಬಂದವಳೇ ತಂಬಿಗೆ ಎತ್ತಿ ನೀರು ಕುಡಿದೆ. ಮೆಣಸಿನಕಾಯಿ ಹಸನು ಮಾಡುತ್ತಿದ್ದ ಅತ್ತಿ ಕೈ ನಿಲ್ಲಿಸಿ, "ಇನ್ನೊಮ್ಮಿ ಕುಡಿ," ಅಂದಳು.

"ನಿಂದೇನ್ ಅತ್ತಿ, ನನ್ನ ಹೊಟ್ಟಿ ಕೆರಿ ಏನು?" ಅಂದೆ.

"ಕುಡಿ ಅಂದ್ರ ಕುಡಿ."

ಕುಡಿದೆ. ಅವಳು ಎದ್ದು ಬಂದು ನನ್ನ ಕೊರಳಿನ ಬಲಕ್ಕೆ ಬೆರಳಿಟ್ಟಳು. ಅವಳ ಕೈಯ ಮೆಣಸಿನಕಾಯಿಯ ಉರಿ ನನ್ನ ಚರ್ಮಕ್ಕೆ ಹತ್ತಿತು. ದೊಡ್ಡ ದನಿಯ ಹೆಂಗಸು ಅಂದು ಬಹಳ ಮೆಲ್ಲಗೆ, "ನಾಳಿ ಬಾಗಲಕೋಟಿಗೆ ಹೋಗೂಣು," ಅಂದಳು.

ನನ್ನದೂ ಬಲಗಡೆಯ ಅರ್ಧ. ನನ್ನದೂ ಕೆಟ್ಟ ಗಂಟಲ್ಲ. ಆಪರೇಷನ್ನಿಗೆ ಮುಂಚೆ ನನ್ನ ಶಿವದಾರವನ್ನು ತೋಳಿಗೆ ಕಟ್ಟಿದವಳು ಅವಳೇ. ಗಂಟು ಸಣ್ಣದು ಹಾಕಿದಳು. "ಎಚ್ಚರಾದ ಕೂಡ್ಲೆ ಕುರ್ರ್ ಅನ್ನು. ನಾ ಹೊರಗ ಬಾಗಲದಾಗಽ ಇರ್ತೇನಿ," ಅಂದಳು. ವಿಜ್ಞಾನದ ಮಾಸ್ತರಣಿ ನಾನು, ಡಾಕ್ಟರ ಮುಂದೆ ಇದೆಂಥ ಹುಚ್ಚಾಟ ಅಂದುಕೊಂಡಿದ್ದೆ. ಮಂಪರು ಇಳಿಯುತ್ತಿದ್ದ ಹಾಗೆ ನನ್ನ ಬಾಯಿಂದ ಬಂದ ಮೊದಲ ಸದ್ದು ಅದೇ. ಬಂತು. ಸಣ್ಣಗೆ, ಆದರೆ ಪೂರಾ ಬಂತು.

ಹೊರಗೆ ಅತ್ತಿ, "ಬಂತು! ಬಂತು!" ಅಂತ ಕೂಗುತ್ತಾ ಸಾಲಿನಲ್ಲಿ ಕೂತವರನ್ನೆಲ್ಲ ಎಬ್ಬಿಸಿದಳಂತೆ. ಯಾರೋ ಹೆಂಗಸು ನಕ್ಕು, "ಗಂಡೋ ಹೆಣ್ಣೋ, ಆಯಿ?" ಅಂತ ಕೇಳಿದಳಂತೆ.

"ದನಿ ಬಂತವ್ವ, ದನಿ!" ಅಂದಳಂತೆ ಅತ್ತಿ.

ಆಮೇಲೆ ನಾನು ಕೆಟ್ಟೆ. ಉಳಿದ ಅರ್ಧ ಅನ್ನುವ ಮಾತು ನನ್ನೊಳಗೂ ಬಂದು ಕೂತಿತು. ಅತ್ತಿಯಾದರೂ ಮುಂಜಾನೆ ಒಮ್ಮೆ ಕೊರಳು ಮುಟ್ಟಿಕೊಳ್ಳುತ್ತಿದ್ದಳು. ನಾನು ದಿನವಿಡೀ. ಹಲಗೆಯ ಮೇಲೆ ಬರೆಯುತ್ತಾ ಎಡಗೈ ಕೊರಳಿಗೆ, ಪಲ್ಯ ಕೈಯಾಡಿಸುತ್ತಾ ಕೊರಳಿಗೆ. ಫೋನಿನಲ್ಲಿ ಯಾರ್ಯಾರೋ ಬರೆದದ್ದನ್ನೆಲ್ಲ ಓದಿ, ಗಂಡನಿಗೂ ಓದಿ ಹೇಳಿ, ಪಾಪ, ಅವನ ಊಟ ಕೆಡಿಸುತ್ತಿದ್ದೆ. ಸ್ಕ್ಯಾನಿಂಗಿನ ತಿಂಗಳು ಬಂದರೆ ನನ್ನ ಮಗಳು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ತಡೆಯಲಾರದೆ ನನ್ನ ಗಂಡ ಅತ್ತಿಗೆ ಫೋನು ಮಾಡಿ ದೂರು ಹೇಳಿದ. ಅವಳು ನನ್ನನ್ನು ಇಳಕಲ್ಲಿಗೆ ಕರೆಸಿದಳು.

"ನೀ ಮುಂಜಾನಿ ಮಾರಿ ತೊಳ್ಕೋತಿ ಹೌದಲ್ಲೋ?" ಅಂತ ಕೇಳಿದಳು.

"ಹ್ಞೂಂ."

"ಮತ್ತ ಇಡೀ ದಿನಾ ಮಾರಿ ತೊಳ್ಕೊಂತ ಕುಂದರ್ತಿ ಏನು? ಅಂಜಿಕೀನೂ ಹಂಗಽ. ಮುಂಜಾನಿ ಒಮ್ಮಿ ಅಂಜಬೇಕು. ಹೊಟ್ಟಿ ತುಂಬ ಅಂಜಬೇಕು. ಮುಗೀತು. ಆಮ್ಯಾಲೆ ರೊಟ್ಟಿ ಬಡೀಬೇಕು."

"ನೀ ಹಂಗಽ ಮಾಡ್ತಿ ಏನು?"

"ಮತ್ತ? ಹಿತ್ತಲದಾಗ ನಾ ಏನು ಗುಬ್ಬಿ ಓಡಸಾಕ ನಿಂದರ್ತೇನಂತ ತಿಳದಿ ಏನು?"

ಅವತ್ತು ಮೊದಲ ಸಲ ನನಗೆ ಆ ಕುರ್ರ್ ಅರ್ಥವಾಯಿತು. ಅದುವರೆಗೆ ಅದನ್ನು ಧೈರ್ಯ ಅಂದುಕೊಂಡಿದ್ದೆ. ಅದು ಅವಳ ಆ ದಿನದ ಪೂರಾ ಅಂಜಿಕೆ. ಮರುದಿನ ಬಾದಾಮಿಯ ನಮ್ಮ ಹಿತ್ತಲಿನಲ್ಲಿ ನಾನೂ ನಿಂತೆ. ಮಾಳಿಗೆಯ ಮೇಲಿನ ಮಂಗಗಳು ಬಗ್ಗಿ ನೋಡಿದವು. ಪೂರಾ ವಾಸಿಯಾಯಿತು ಅನ್ನಲಾರೆ, ಆದರೆ ಪಲ್ಯ ಸೀಯುವುದು ನಿಂತಿತು.

ಹೋದ ವರ್ಷ ಅತ್ತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಿತ್ತಲಿಗೆ ಹೋಗುವುದು ನಿಂತಿತು. ಹಾಸಿಗೆಯ ಮೇಲೇ ಲಿಂಗಪೂಜೆ, ಹಾಸಿಗೆಯ ಮೇಲೇ ಕುರ್ರ್. ಅದೇ ಹೊತ್ತಿಗೆ, ಅಷ್ಟು ವರ್ಷ ಕಾದ ಮೇಲೆ, ವಿದ್ಯಾ ಬಸುರಾದಳು. ಸುದ್ದಿ ಹೇಳಲು ಬಸು ಹೋದಾಗ ಅತ್ತಿ ಅವನ ಕೈ ಹಿಡಿದುಕೊಂಡು, "ತಡಾ ಮಾಡಿದಿಲೋ," ಅಂತ ಅಷ್ಟೇ ಅಂದಳಂತೆ.

ಚಳಿಗಾಲದಲ್ಲಿ ನನ್ನ ವರ್ಷದ ಸ್ಕ್ಯಾನಿಂಗಿತ್ತು. ಎಡಗಡೆ ಒಂದು ಸಣ್ಣ ಗಂಟು ಕಾಣುತ್ತಿದೆ ಅಂದರು. ಬಹಳ ಸಣ್ಣದು, ಇಂಥವು ಬಹಳ ಮಂದಿಗೆ ಇರುತ್ತವೆ, ಈಗ ಏನೂ ಮಾಡುವುದು ಬೇಡ, ಅರ್ಧ ವರ್ಷ ಬಿಟ್ಟು ಮತ್ತೆ ನೋಡೋಣ ಅಂದರು. ನಾನು ಬಾದಾಮಿಯ ಬಸ್ಸು ಹತ್ತಲಿಲ್ಲ. ಕಾಲು ತಾವಾಗಿಯೇ ಇಳಕಲ್ಲಿನ ಬಸ್ಸಿಗೆ ಹೋದವು. ಅಮೀನಗಡ ಬಂತು, ನಾನು ಇಳಿಯಲಿಲ್ಲ.

ಅತ್ತಿ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಬಡಕಲಾಗಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಆಮೇಲೆ ನನ್ನ ಕೈ ನೋಡಿದಳು, ಚೀಲ ನೋಡಿದಳು.

"ಕರದಂಟು ಎಲ್ಲೈತಿ?" ಅಂದಳು.

ನಾನು ಚೀಲವನ್ನು ಮಂಚದ ಕೆಳಗೆ ಸರಿಸಿದೆ. ಅವಳಿಗೆ ತಿಳಿಯಿತು. ಆಮೇಲೆ, "ಬಾ ಇಲ್ಲೆ," ಅಂತ ಕರೆದು, ನನ್ನ ಕಿವಿ ಹಿಡಿದು ತಲೆ ಬಗ್ಗಿಸಿಕೊಂಡಳು. ಅವಳ ವಿಭೂತಿಯ ವಾಸನೆ, ಬಿಸಿ ಉಸಿರು. ನನ್ನ ಕಿವಿಯಲ್ಲಿ ಅವಳು, "ಕುರ್ರ್ರ್... ಗಿರಿಜಾ," ಅಂದಳು.

ದನಿ ಸಣ್ಣದಾಗಿತ್ತು, ವಯಸ್ಸಿಗೆ ನಡುಗುತ್ತಿತ್ತು. ಆದರೂ ಅದೇ. ನನಗೆ ಹೆಸರಿಟ್ಟ ದನಿ. ನಲವತ್ತು ದಾಟಿದ ಹೆಂಗಸು ನಾನು, ಅವಳ ಮಡಿಲಲ್ಲಿ ಮುಖವಿಟ್ಟು ಕೂಸಿನ ಹಾಗೆ ಅತ್ತೆ. ಅವಳು ನನ್ನ ತಲೆ ನೇವರಿಸುತ್ತಾ, "ಗುದ್ದು ಯಾರ ಕೊಡ್ತಾರ? ಹೆಸರಿಟ್ಟೇನಿ, ಗುದ್ದು ಬ್ಯಾಡ ಏನು ನನಗ?" ಅಂದಳು. ನಾನು ಅಳುತ್ತಲೇ ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದೆ. ಕೈಗೆ ಬರೀ ಎಲುಬು ಸಿಕ್ಕಿತು. "ಅಷ್ಟಽ ಏನು?" ಅಂದಳು.

ಹೊರಡುವಾಗ ಹೇಳಿದಳು: "ಬಸೂನ ಕೂಸಿಗೆ ನಾ ಇರ್ತೇನೋ ಇಲ್ಲೋ. ಇರ್ಲಿಲ್ಲಂದ್ರ ನೀನಽ ಅನ್ನಬೇಕು. ಕೂಸಿನ ಖರೆ ಅತ್ತಿ ನೀನಽ ಅಲ್ಲೇನು. ಮೆಲ್ಲಕ ಅನ್ನಬ್ಯಾಡ ಮತ್ತ. ಕೊರಳಾಗ ಏನರೆ ಇರ್ಲಿ, ಹೊರಗ ಕೇಳಸ್ಬೇಕು."

ಶಿವರಾತ್ರಿ ಮುಗಿದು ಸ್ವಲ್ಪ ದಿನಕ್ಕೆ ಒಂದು ಮುಂಜಾನೆ ಮಾಮಾ ಚಹಾ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು. ಕುರ್ರ್ ಕೇಳಿಸಲಿಲ್ಲ. ಚಹಾ ಆರಿತು. ಆಮೇಲೆ ಎದ್ದು ಒಳಗೆ ಹೋದರಂತೆ.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಷ್ಟು ವರ್ಷ ಅವಳು ಕಾದುಕೊಂಡ ಆ ಅರ್ಧ ಕೊನೆಯವರೆಗೂ ಸುಮ್ಮನೇ ಇತ್ತು. ದನಿ ದನಿಯಾಗಿಯೇ ಇತ್ತು. ಎದೆ ಎಂಬುದೊಂದು ಇದೆಯೆಂದು ಯಾರೂ ಎಣಿಸಿರಲಿಲ್ಲ, ಅದು ನಿಂತುಬಿಟ್ಟಿತು. ಇನ್ನೆರಡು ಮೂರು ತಿಂಗಳು ತಡೆಯಬಾರದಿತ್ತೇ ಅಂತ ಅವಳ ಫೋಟೋದ ಮುಂದೆ ನಿಂತು ಜಗಳವಾಡಿದೆ.

ಹೋದ ವಾರ ಹುನಗುಂದದಲ್ಲಿ ಬಸುವಿನ ಮಗಳನ್ನು ತೊಟ್ಟಿಲಿಗೆ ಹಾಕಿದರು. ಮುಂದಿನ ವಾರ ನನ್ನ ಸ್ಕ್ಯಾನಿಂಗು. ಗಂಟು ಬೆಳೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತೊಟ್ಟಿಲಿನ ದಿನ ಮುಂಜಾನೆ ಹುನಗುಂದದ ಹಿತ್ತಲಿನಲ್ಲಿ ನಿಂತು ಹೊಟ್ಟೆ ತುಂಬ ಅಂಜಿಕೊಂಡೆ, ಮುಗಿಸಿದೆ, ಸೀರೆ ಉಟ್ಟುಕೊಂಡೆ. ಇಳಕಲ್ಲಿನ ಸೀರೆ, ಅತ್ತಿಯದೇ.

ಹಾಡು ಮುಗಿಯಿತು. ಹೆಂಗಸರು ಸುತ್ತುಗಟ್ಟಿದರು. ನಾನು ತೊಟ್ಟಿಲೊಳಗೆ ಬಗ್ಗಿದೆ. ಅಂಗೈಯಷ್ಟು ಮುಖ, ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನನ್ನ ಗಂಟಲು ಕಟ್ಟಿತು. ಇದು ಅಳುವೋ, ಆ ಗಂಟೋ, ಒಂದು ಕ್ಷಣ ತಿಳಿಯಲಿಲ್ಲ. ಉಸಿರು ಎಳೆದುಕೊಂಡು ಅಂದೆ. ಕುರ್ರ್ರ್. ಅದು ಎಷ್ಟು ಜೋರಾಗಿ ಬಂತೆಂದರೆ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತಿತು, ಊಟಕ್ಕೆ ಕೂತ ಗಂಡಸರು ತಿರುಗಿ ನೋಡಿದರು. ಆಮೇಲೆ ಕಿವಿಯಲ್ಲಿ ಹೆಸರು ಹೇಳಿದೆ.

ಒಬ್ಬರೂ ಗುದ್ದಲಿಲ್ಲ. ಎಲ್ಲರ ಕಣ್ಣಲ್ಲೂ ನೀರು. ನನ್ನ ಕೊರಳಿನ ಗಾಯದ ಗೆರೆ ನೋಡಿ ಕೈ ಎತ್ತಲು ಅಂಜಿದರೋ, ಆ ದನಿ ಕೇಳಿ ಯಾರನ್ನು ನೆನೆದರೋ.

ಮೂಲೆಯ ಕುರ್ಚಿಯಲ್ಲಿ ಮಾಮಾ ಕೂತಿದ್ದರು. ಅತ್ತಿ ಹೋದ ಮೇಲೆ ಅವರು ಸರಿಯಾಗಿ ಮಾತೇ ಆಡಿರಲಿಲ್ಲ. ಕುರ್ರ್ ಕೇಳಿದ್ದೇ ಕೋಲು ಊರಿ ತಲೆ ಎತ್ತಿದರು. ರೂಢಿಯಂತೆ ಬಾಯಿ ತಾನಾಗಿ ಕೇಳಿತು: "ಯಾರ ಹೆಸರು ಇಟ್ಟಿ?"

"ನಿಮ್ಮಾಕೀದು, ಮಾಮಾ," ಅಂದೆ.

ಅವರು ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. ಆಮೇಲೆ ಸುತ್ತ ನಿಂತ ಹೆಂಗಸರ ಮೇಲೆ ರೇಗಿದರು: "ಮತ್ತ ಗುದ್ದ್ರಿ ಆಕೀಗೆ! ಏನ್ ನೋಡ್ಕೊಂತ ನಿಂತೀರಿ?"

ದಬದಬ ಬಿದ್ದವು. ನಾನು ತೊಟ್ಟಿಲ ಹಗ್ಗ ಗಟ್ಟಿಯಾಗಿ ಹಿಡಿದುಕೊಂಡು, ಮನೆಯ ಹೊರಗೂ ಕೇಳಿಸುವ ಹಾಗೆ, "ಅಷ್ಟಽ ಏನು? ಇನ್ನೊಂದು ಬೀಳ್ಲಿ!" ಅಂತ ಒದರಿದೆ.